ರೀಲೋಡಿಂಗ್ ಕಲೀಬೇಕಾ? ಪ್ರೆಸ್‌ಗಿಂತ ಮೊದ್ಲು ಪುಸ್ತಕ ತಗೊಳ್ರಿ

ನಮ್ಮ ದಾವಣಗೆರೇಲಿ ಬಿಐಇಟಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಓದ್ಕೊಂಡು ಅಮೆರಿಕಕ್ಕೆ ಹೋಗಿ ಅಲ್ಲೇ ನೆಲೆ ನಿಂತಿರೋ ಹುಡುಗ್ರು ಎಷ್ಟೋ ಜನ ಇದಾರೆ, ಅದ್ರಲ್ಲಿ ಕೆಲವ್ರು ವೀಕೆಂಡ್ ಶೂಟಿಂಗ್ ರೇಂಜಿಗೆ ಹೋಗೋ ಅಭ್ಯಾಸ ಹಚ್ಕೊಂಡಿದಾರೆ. ಒಂದಷ್ಟು ದಿನ ಅಂಗಡಿ ತೋಟಾ ಹಾರಿಸಿ, ರೇಟು ನೋಡಿ, ಪಕ್ಕದ ಲೇನಿನೋರು ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೇಸು ಆರಿಸ್ಕೊಂಡು ಹೋಗೋದು ನೋಡಿ, ನಾವೂ ಮನೇಲೇ ತುಂಬ್ಕೊಂಡ್ರೆ ಹೆಂಗೆ ಅನ್ನೋ ಯೋಚನೆ ಬರುತ್ತೆ. ನಾನು ಅಲ್ಲಿ ಕೆಲಸದಲ್ಲಿದ್ದಾಗ ರೀಲೋಡಿಂಗ್ ಮಾಡ್ತಿದ್ದೆ, ಈಗ ವಾಪಸ್ ಬಂದು ವಿದ್ಯಾನಗರದಲ್ಲಿದೀನಿ, ಹಂಗಾಗಿ ಇಂಥ ಫೋನೆಲ್ಲ ನನಗೇ ಬರ್ತವೆ. ಎಲ್ರೂ ಮೊದ್ಲು ಕೇಳೋದು ಯಾವ ಪ್ರೆಸ್, ಅಂದ್ರೆ ತೋಟಾ ಒತ್ತಿ ಜೋಡಿಸೋ ಮಷಿನ್, ತಗೊಳ್ಲಿ ಅಂತ. ಪ್ರೆಸ್ ಆಮೇಲೆ ತಗೊಳ್ರಿ, ಮೊದ್ಲು ಯಾವ ಗುಂಡಿಗೆ ಎಷ್ಟು ಪೌಡರ್ ಅಂತ ಲೆಕ್ಕ ಇರೋ ಮ್ಯಾನ್ಯುಯಲ್ ತರಿಸ್ರಿ, ಓದ್ರಿ, ಆಮೇಲೆ ಫೋನ್ ಮಾಡ್ರಿ ಅಂತೀನಿ. ಯಾಕೆ ಹಂಗಂತೀನಿ, ಯಾವ್ದು ತಗೋಬೇಕು, ಹೆಂಗೆ ಓದಬೇಕು ಅಂತ ಒಂದೇ ಕಡೆ ಬರೆದಿಡ್ತಿದೀನಿ.

ಅದಕ್ಕೂ ಮುಂಚೆ ಕಾನೂನಿನ ಮಾತು, ಇದನ್ನ ಯಾರೂ ಸ್ಕಿಪ್ ಮಾಡಬೇಡ್ರಿ. ನಮ್ಮ ದೇಶದಲ್ಲಿ ಮನೇಲಿ ತೋಟಾ ತುಂಬೋ ಹಂಗಿಲ್ಲ. 1959ರ ಆರ್ಮ್ಸ್ ಆಕ್ಟಿನ 5ನೇ ಸೆಕ್ಷನ್ ಪ್ರಕಾರ ತೋಟಾ ತಯಾರಿಸೋಕೆ ಅದಕ್ಕಂತಲೇ ಬೇರೆ ಲೈಸೆನ್ಸ್ ಬೇಕು, ಅದಿಲ್ಲದೆ ಮಾಡಿದ್ರೆ 2019ರ ತಿದ್ದುಪಡಿ ಆದಮೇಲೆ ಕಮ್ಮಿ ಅಂದ್ರೆ 7 ವರ್ಷ, ಜಾಸ್ತಿ ಅಂದ್ರೆ ಜೀವಾವಧಿ. ಹೊಲಕ್ಕೆ ಹಂದಿ ಬರ್ತವೆ ಅಂತ ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಇಟ್ಕೊಂಡಿರೋ ರೈತರು ಚಿತ್ರದುರ್ಗ ಕಡೆ, ನಮ್ಮ ಕಡೆ ಇದಾರೆ, ಆ ಲೈಸೆನ್ಸ್ ಕೋವಿ ಇಟ್ಕೊಳ್ಳೋಕೆ ಅಷ್ಟೇ, ತೋಟಾ ತಯಾರಿಸೋಕಲ್ಲ. ಅಮೆರಿಕದಿಂದ ಬರುವಾಗ ಬ್ಯಾಗಲ್ಲಿ ಪ್ರೈಮರ್ (ತೋಟಾಕ್ಕೆ ಕಿಡಿ ಹತ್ತಿಸೋ ಚಿಕ್ಕ ಬಟ್ಟಲು), ಪೌಡರ್, ಒಂದು ತೋಟಾ ಕೂಡ ತರಬೇಡ್ರಿ, ರೇಂಜಿಗೆ ತಗೊಂಡು ಹೋಗೋ ಬ್ಯಾಗನ್ನ ಊರಿಗೆ ಬರೋ ಬ್ಯಾಗ್ ಮಾಡ್ಕೋಬೇಡ್ರಿ, ಮೂಲೇಲಿ ಸಿಕ್ಕ ಒಂದೇ ಒಂದು ತೋಟಾಕ್ಕೆ ಏರ್‌ಪೋರ್ಟಲ್ಲಿ ಕೇಸ್ ಹಾಕಿಸ್ಕೊಂಡೋರು ಇದಾರೆ.

ಅಮೆರಿಕದಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡ್ಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಕಾಗಲ್ಲ, ಮಾರೋಕೆ ಬೇಕು. ಆದ್ರೆ ನಮ್ಮ ಹುಡುಗ್ರಿಗೆ ಇನ್ನೊಂದು ಮುಖ್ಯವಾದ ವಿಷಯ ಗೊತ್ತೇ ಇರಲ್ಲ. ಓದೋಕೆ ಕೊಡೋ ಎಫ್1, ಕೆಲಸಕ್ಕೆ ಕೊಡೋ ಎಚ್1ಬಿ ಥರದ ವೀಸಾದಲ್ಲಿ ಇರೋರು ಗನ್ನಾಗ್ಲಿ ತೋಟಾ ಆಗ್ಲಿ ಇಟ್ಕೊಳ್ಳೋದು ಅಲ್ಲಿನ ಫೆಡರಲ್ ಕಾನೂನಲ್ಲಿ ಅಪರಾಧ, ಅಲ್ಲಿನ ಯಾವ್ದಾದ್ರೂ ರಾಜ್ಯದ ಬೇಟೆ ಲೈಸೆನ್ಸ್ ಇರೋದು ಥರ ಕೆಲವು ವಿನಾಯಿತಿ ಬಿಟ್ರೆ. ಗ್ರೀನ್ ಕಾರ್ಡ್ ಬಂದೋರದು ಬೇರೆ ಮಾತು. ವೀಸಾದಲ್ಲಿದ್ರೆ ಮೊದ್ಲು ಇಮಿಗ್ರೇಷನ್ ಲಾಯರ್ ಹತ್ರ ಕೇಳ್ರಿ, ರಾಜ್ಯದ ಕಾನೂನು ಬೇರೆ ಇರುತ್ತೆ ಅದನ್ನೂ ಕೇಳ್ರಿ. ಇದೆಲ್ಲ ಸರಿ ಇದ್ದೋರು ಮುಂದೆ ಓದ್ರಿ.

ಒಂದು ತೋಟಾದಲ್ಲಿ ಇರೋದು ನಾಲ್ಕೇ ಸಾಮಾನು. ಹಿತ್ತಾಳೆ ಕೇಸು, ಅದರ ಬುಡದಲ್ಲಿ ಪ್ರೈಮರ್, ಒಳಗೆ ಪೌಡರ್, ಬಾಯಲ್ಲಿ ಗುಂಡು. ಹಾರಿಸಿದ ಮೇಲೆ ಕೇಸು ಉಳಿಯುತ್ತೆ, ಅದನ್ನ ತೊಳೆದು, ಡೈ ಅನ್ನೋ ಉಕ್ಕಿನ ಅಚ್ಚಲ್ಲಿ ಒತ್ತಿ ಅಳತೆಗೆ ತಂದು, ಹಳೇ ಪ್ರೈಮರ್ ತೆಗೆದು ಹೊಸದು ಕೂರಿಸಿ, ಪೌಡರ್ ತೂಗಿ ಹಾಕಿ, ಗುಂಡು ಒತ್ತೋದು. ಕೈಗೆ ಕಷ್ಟ ಏನಿಲ್ಲ, ಲೇತ್ ಮುಂದೆ ನಿಂತು ಅಭ್ಯಾಸ ಇರೋರಿಗಂತೂ ಒಂದೇ ದಿನದಲ್ಲಿ ಕೈಗೆ ಬರುತ್ತೆ. ಕಷ್ಟ ಇರೋದು ಯಾವ ಗುಂಡಿಗೆ ಯಾವ ಪೌಡರ್ ಎಷ್ಟು, ಗುಂಡು ಎಷ್ಟು ಆಳ ಕೂರಬೇಕು ಅನ್ನೋದ್ರಲ್ಲಿ. ಅದು ಯಾರ ತಲೇಲೂ ತಾನಾಗೇ ಹುಟ್ಟಲ್ಲ, ಲ್ಯಾಬಲ್ಲಿ ಒತ್ತಡ ಅಳೆಯೋ ಬ್ಯಾರಲ್ ಇಟ್ಟು ಹಾರಿಸಿ ನೋಡಿ ಬರೆದಿರೋ ಲೆಕ್ಕ ಅದು, ನಿಮ್ಮನೆ ಗ್ಯಾರೇಜಲ್ಲಿ ಆ ಬ್ಯಾರಲ್ ಇರಲ್ಲ.

ಚಿತ್ರದುರ್ಗದ ಕೋಟೆಗೆ ಹೋದೋರು ಮದ್ದು ಬೀಸೋ ಕಲ್ಲು ನೋಡಿರ್ತೀರಿ, ಗುಂಡಿ ಥರ ಕಟ್ಟಿರೋ ಜಾಗದಲ್ಲಿ ನಾಲ್ಕು ದೊಡ್ಡ ದೊಡ್ಡ ಬೀಸೋ ಕಲ್ಲು. ಅಲ್ಲಿ ಬೀಸ್ತಿದ್ದಿದ್ದು ಕರಿ ಮದ್ದು, ಅಂದ್ರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಹಳ್ಳೀಲಿ ನಾಡಕೋವಿಗೆ ನಳಿಕೆ ಬಾಯಿಂದ ತುಂಬ್ತಿದ್ದ ಹಿರಿಯರು ಹಾಕ್ತಿದ್ದಿದ್ದೂ ಅದೇ, ಅಂಗೈ ಅಂದಾಜಲ್ಲಿ ಹಾಕೋರು. ಅದೂ ಅಪಾಯಾನೇ, ಎಷ್ಟೋ ಜನ ಕೈ ಕಳ್ಕೊಂಡಿದಾರೆ. ಆದ್ರೆ ಈಗಿನ ತೋಟಾದಲ್ಲಿ ಇರೋ ಹೊಗೆ ಇಲ್ಲದ ಪೌಡರಿನ ಸ್ವಭಾವಾನೇ ಬೇರೆ. ಒತ್ತಡ ಜಾಸ್ತಿ ಆದಂಗೆ ಅದು ಇನ್ನೂ ಜೋರಾಗಿ ಉರಿಯುತ್ತೆ, ಜೋರಾಗಿ ಉರಿದಂಗೆ ಒತ್ತಡ ಇನ್ನೂ ಏರುತ್ತೆ. ಸ್ವಲ್ಪ ಪೌಡರ್ ಜಾಸ್ತಿ ಹಾಕಿದ್ರೆ ಒತ್ತಡ ಸ್ವಲ್ಪ ಜಾಸ್ತಿ ಆಗುತ್ತೆ ಅಂತ ಲೆಕ್ಕ ಹಾಕಬೇಡ್ರಿ, ಒಂದು ಮಟ್ಟ ದಾಟಿದ ಮೇಲೆ ಜಿಗಿದುಬಿಡುತ್ತೆ. ಅದಕ್ಕೇ ಇಲ್ಲಿ ಅಂದಾಜು ಅನ್ನೋ ಮಾತೇ ಇಲ್ಲ.

ಅಮೆರಿಕದಲ್ಲಿ ಈ ಒತ್ತಡದ ಮಿತಿ ಗೊತ್ತು ಮಾಡೋದು ಸಾಮಿ ಅನ್ನೋ ಸಂಸ್ಥೆ, 1926ರಿಂದ ಐತೆ. ಕೈಬಂದೂಕಿನ ತೋಟಾ ಆದ .38 ಸ್ಪೆಷಲ್‌ಗೆ 17,000 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಅಂತ), 9 ಎಂಎಂಗೆ 35,000, ರೈಫಲ್ ತೋಟಾ ಆದ .308 ವಿಂಚೆಸ್ಟರ್‌ಗೆ 62,000. ರೈಫಲ್ಲಲ್ಲಿ ಈ ಒತ್ತಡ ಏಳೋದು ನಿಮ್ಮ ಮುಖದಿಂದ ಗೇಣು ದೂರದಲ್ಲಿ. ಮ್ಯಾನ್ಯುಯಲಲ್ಲಿ ಮ್ಯಾಕ್ಸಿಮಮ್ ಅಂತ ಬರೆದಿರೋ ತೂಕ ಈ ಗೆರೆ ದಾಟದ ಹಂಗೆ ನೋಡ್ಕೊಂಡು ಬರೆದಿರೋದು.

ಈಗ ಯಾವ ಪುಸ್ತಕ ಅನ್ನೋದು. ಒಂದು ಸಾಲಲ್ಲ, ಎರಡು ತಗೊಳ್ರಿ. ಮೊದಲನೇದು ಲೈಮನ್ ಕಂಪನಿಯ ಹ್ಯಾಂಡ್‌ಬುಕ್, ಯಾಕಂದ್ರೆ ಅದ್ರಲ್ಲಿ ಬೇರೆ ಬೇರೆ ಕಂಪನಿ ಗುಂಡಿಗೂ ಲೆಕ್ಕ ಇರುತ್ತೆ, ಎರಕದ ಸೀಸದ ಗುಂಡಿಗೂ ಇರುತ್ತೆ, ಪುಸ್ತಕದ ಮೊದಲರ್ಧ ಓದೋಕೂ ಚೆನ್ನಾಗೈತೆ. ಎರಡನೇದು ನೀವು ಯಾವ ಕಂಪನಿ ಗುಂಡು ತಗೊಳ್ತೀರೋ ಆ ಕಂಪನೀದು. ಹಾರ್ನಡಿ, ಸಿಯೆರಾ, ಸ್ಪೀರ್, ನಾಸ್ಲರ್ ಇವ್ರೆಲ್ಲ ತಮ್ಮ ತಮ್ಮ ಮ್ಯಾನ್ಯುಯಲ್ ತರ್ತಾರೆ, ಅದ್ರಲ್ಲಿ ಅವರದೇ ಗುಂಡಿನ ಲೆಕ್ಕ ಇರುತ್ತೆ. ಇನ್ನು ಪೌಡರ್ ಕಂಪನಿಯ ಲೆಕ್ಕ, ಹಾಡ್ಜ್‌ಡನ್ ಥರದೋರು ವೆಬ್‌ಸೈಟಲ್ಲಿ ಫ್ರೀಯಾಗೇ ಕೊಡ್ತಾರೆ, ಅದು ಮೂರನೇ ಸಾಕ್ಷಿ. ಮೂರೂ ಕಡೆ ಒಂದೇ ನಂಬರ್ ಬರಲ್ಲ, ಅದಕ್ಕೆ ಗಾಬರಿ ಆಗಬೇಡ್ರಿ, ಅವರ ಬ್ಯಾರಲ್ ಬೇರೆ, ಕೇಸ್ ಬೇರೆ, ಪ್ರೈಮರ್ ಬೇರೆ. ಬೇರೆ ಬೇರೆ ಬಂದಾಗ ಕಮ್ಮಿ ಇರೋದ್ರಿಂದ ಶುರು ಮಾಡೋದು.

ಪುಸ್ತಕ ಬಂದ ತಕ್ಷಣ ಎಲ್ರೂ ಹಿಂದಿನ ಪುಟಗಳ ಲೆಕ್ಕದ ಟೇಬಲ್ಲಿಗೇ ಹೋಗ್ತಾರೆ, ಅದು ಬೇಡ. ಶುರುವಿನ ಅಧ್ಯಾಯಗಳನ್ನ ಕೂತು ಓದ್ರಿ, ಪ್ರೆಸ್ ಮನೆಗೆ ಬರೋದ್ರೊಳಗೆ ಒಂದ್ಸಲ, ಬಂದಮೇಲೆ ಅದನ್ನ ಮುಂದೆ ಇಟ್ಕೊಂಡು ಇನ್ನೊಂದ್ಸಲ. ಎರಡನೇ ಸಲ ಓದುವಾಗ ಅರ್ಥ ಆಗೋದು ಜಾಸ್ತಿ, ಯಾಕಂದ್ರೆ ಆಗ ಡೈ ಕೈಯಲ್ಲಿರುತ್ತೆ. ನಾನು ನೋಡಿದಂಗೆ ಯಾರು ಈ ಭಾಗ ಓದಿರ್ತಾರೋ ಅವ್ರು ಕೇಳೋ ಪ್ರಶ್ನೇನೇ ಬೇರೆ ಥರ ಇರ್ತವೆ, ಎಷ್ಟು ಹಾಕಲಿ ಅಂತ ಕೇಳಲ್ಲ, ಪುಸ್ತಕದಲ್ಲಿ ಈ ಉದ್ದ ಕೊಟ್ಟಿದಾರೆ ನನ್ನ ಗುಂಡಿನ ಮೂತಿ ಬೇರೆ ಐತೆ ಏನ್ಮಾಡ್ಲಿ ಅಂತ ಕೇಳ್ತಾರೆ.

ಟೇಬಲ್ ಪುಟ ಓದೋದು ಹೆಂಗೆ ಅಂತ .308 ಇಟ್ಕೊಂಡೇ ನೋಡಣ. ಪುಟದ ಮೇಲ್ಗಡೆ ಒಂದು ಬಾಕ್ಸ್ ಇರುತ್ತೆ, ಪರೀಕ್ಷೆಗೆ ಏನೇನು ಬಳಸಿದ್ರು ಅಂತ: ಬ್ಯಾರಲ್ ಎಷ್ಟು ಉದ್ದ, ಕೇಸ್ ಯಾವ ಕಂಪನಿ, ಪ್ರೈಮರ್ ಯಾವ್ದು, ಕೇಸಿನ ಉದ್ದ ಎಷ್ಟು, ಪೂರ್ತಿ ತೋಟಾ ಉದ್ದ ಎಷ್ಟು. ಹುಡುಗ್ರು ಈ ಬಾಕ್ಸ್ ಬಿಟ್ಟು ಕೆಳಗೆ ಹೋಗ್ತಾರೆ, ಆದ್ರೆ ಕೆಳಗಿನ ನಂಬರೆಲ್ಲ ನಿಂತಿರೋದೇ ಈ ಬಾಕ್ಸ್ ಮೇಲೆ. ಕೇಸಿನ ಉದ್ದ ತಗೊಳ್ರಿ, .308ಕ್ಕೆ 2.015 ಇಂಚು ದಾಟಬಾರ್ದು, ಕತ್ತರಿಸುವಾಗ 2.005ಕ್ಕೆ ತರೋದು. ಪ್ರತಿ ಸಲ ಹಾರಿಸಿ ಡೈಯಲ್ಲಿ ಒತ್ತಿದಾಗ ಹಿತ್ತಾಳೆ ಹಿಗ್ಗಿ ಉದ್ದ ಆಗ್ತಾ ಹೋಗುತ್ತೆ, ಕಣ್ಣಿಗೆ ಕಾಣ್ಸಲ್ಲ, ವರ್ನಿಯರ್ ಹಾಕಿದ್ರೇನೇ ಗೊತ್ತಾಗೋದು. ಕೇಸಿನ ಉದ್ದ ಆದ ಕತ್ತು ಚೇಂಬರಿನ, ಅಂದ್ರೆ ಗನ್ನಲ್ಲಿ ತೋಟಾ ಕೂರೋ ಜಾಗದ, ತುದಿಗೆ ಹೋಗಿ ಸಿಕ್ಕಾಕ್ಕೊಂಡ್ರೆ ಗುಂಡನ್ನ ಬಿಗಿಯಾಗಿ ಹಿಡ್ಕೊಳ್ಳುತ್ತೆ, ಗುಂಡು ಸಲೀಸಾಗಿ ಬಿಡಲ್ಲ, ಒತ್ತಡ ಏರುತ್ತೆ. ಪೌಡರ್ ಸರಿಯಾಗೇ ತೂಗಿರ್ತೀರಿ, ಆದ್ರೂ ತೊಂದ್ರೆ. ಒಂದಿಂಚಿನ ನೂರನೇ ಒಂದು ಭಾಗ ಅದು, ಪುಸ್ತಕದಲ್ಲಿ ಒಂದೇ ಸಾಲಲ್ಲಿ ಬರೆದಿರ್ತಾರೆ.

ಅದೇ ಕ್ಯಾಲಿಬರಿಗೆ ಮಿಲಿಟರಿ ಕೇಸ್ ಸಿಕ್ರೆ ಅದರ ಗೋಡೆ ಸಾಮಾನ್ಯವಾಗಿ ದಪ್ಪ ಇರುತ್ತೆ, ಒಳಗೆ ಜಾಗ ಕಮ್ಮಿ, ಅಷ್ಟೇ ಪೌಡರ್ ಹಾಕಿದ್ರೂ ಒತ್ತಡ ಜಾಸ್ತಿ. 9 ಎಂಎಂ ಥರದ ಚಿಕ್ಕ ಕೇಸಲ್ಲಿ ಗುಂಡು ಸ್ವಲ್ಪ ಒಳಗೆ ಹೋದ್ರೂ ಹಂಗೇ, ಜಾಗ ಕುಗ್ಗಿ ಒತ್ತಡ ಜಿಗಿಯುತ್ತೆ, ಅದಕ್ಕೇ ಪೂರ್ತಿ ತೋಟಾ ಉದ್ದವನ್ನ ಅಲ್ಲಿ ಬರೆದಿರೋದು. ಪ್ರೈಮರೂ ಅಷ್ಟೇ, ಸ್ಮಾಲ್ ಪಿಸ್ತೂಲು, ಸ್ಮಾಲ್ ರೈಫಲ್ ಎರಡೂ ಕೇಸಿನ ಬುಡದ ಒಂದೇ ತೂತಿಗೆ ಕೂರ್ತವೆ, ಕೂರುತ್ತೆ ಅಂತ ಹಾಕಬಾರ್ದು. ಬುಕ್ಕಲ್ಲಿ ಏನೈತೋ ಅದೇ.

ಬಾಕ್ಸ್ ಕೆಳಗೆ ಒಂದೊಂದು ಗುಂಡಿನ ತೂಕಕ್ಕೆ ಒಂದೊಂದು ಟೇಬಲ್, ಪೌಡರ್ ಹೆಸರು, ಸ್ಟಾರ್ಟಿಂಗ್ ತೂಕ, ಮ್ಯಾಕ್ಸಿಮಮ್ ತೂಕ, ವೇಗ. ಗುಂಡಿನ ತೂಕ ಒಂದೇ ಇದ್ರೆ ಸಾಲಲ್ಲ, ಜಾತೀನೂ ಒಂದೇ ಇರಬೇಕು, ಪೂರ್ತಿ ತಾಮ್ರದ ಗುಂಡು ಸೀಸದ ಗುಂಡಿಗಿಂತ ಉದ್ದ ಇರುತ್ತೆ, ಒಳಗೆ ಜಾಸ್ತಿ ಜಾಗ ತಿನ್ನುತ್ತೆ, ಅದರ ಲೆಕ್ಕಾನೇ ಬೇರೆ. ಶುರು ಮಾಡೋದು ಯಾವಾಗ್ಲೂ ಸ್ಟಾರ್ಟಿಂಗಿಂದ, ಸ್ವಲ್ಪ ಸ್ವಲ್ಪ ಮೇಲೆ ಹೋಗೋದು, ಹಾರಿಸಿದ ಕೇಸನ್ನ ಪ್ರತಿ ಸಲ ನೋಡೋದು, ಪ್ರೈಮರ್ ಚಪ್ಪಟೆ ಆಗೈತಾ, ಬೋಲ್ಟ್ (ರೈಫಲ್ಲಿನ ಹಿಂದಿನ ಚಿಲಕ) ಎತ್ತೋಕೆ ಬಿಗಿ ಆಯ್ತಾ, ಕೇಸಿನ ಬುಡದಲ್ಲಿ ಹೊಳೆಯೋ ಗುರುತು ಬಿದ್ದೈತಾ ಅಂತ. ಒಂದು ಗುರುತು ಕಂಡ್ರೂ ಅಲ್ಲೇ ನಿಲ್ಸೋದು. ಆದ್ರೆ ಇದು ರೈಫಲ್ ಮಾತು. .38 ಸ್ಪೆಷಲ್ ಥರ ಕಮ್ಮಿ ಒತ್ತಡದ ತೋಟಾದಲ್ಲಿ ಪ್ರೈಮರ್ ಚಪ್ಪಟೆ ಆಗೋಷ್ಟೊತ್ತಿಗೆ ಮಿತಿ ದಾಟಿ ಎಷ್ಟೋ ಮುಂದೆ ಹೋಗಿರ್ತೀರಿ, ಗುರುತು ನೋಡ್ಕೊಂಡು ಹೋಗ್ತೀನಿ ಅನ್ನೋದು ಅಲ್ಲಿ ನಡೆಯಲ್ಲ, ಬುಕ್ಕಿನ ಗೆರೇನೇ ಗೆರೆ.

ತೂಕ ಎಲ್ಲ ಗ್ರೇನ್ ಲೆಕ್ಕ. ಒಂದು ಪೌಂಡಿಗೆ 7,000 ಗ್ರೇನ್, ಒಂದು ಗ್ರಾಂಗೆ ಹದಿನೈದೂವರೆ ಹತ್ರ. ನಮ್ಮ ಅಕ್ಕಸಾಲಿಗರು ಹಿಂದೆ ಚಿನ್ನ ತೂಗ್ತಿದ್ದ ಗುಲಗಂಜಿ ಐತಲ್ಲ, ಅದರ ಅರ್ಧ ತೂಕ ಅಂದ್ರೆ ಹೆಚ್ಚು ಕಮ್ಮಿ ಒಂದು ಗ್ರೇನ್, ಅಷ್ಟು ಸೂಕ್ಷ್ಮ. ಡಿಜಿಟಲ್ ಸ್ಕೇಲಲ್ಲಿ ಗ್ರಾಂ, ಗ್ರೇನ್ ಎರಡೂ ಇರ್ತವೆ, ಒಂದೇ ಬಟನ್ ಒತ್ತಿದ್ರೆ ಬದಲಾಗುತ್ತೆ, ಗ್ರೇನ್ ಅಂದ್ಕೊಂಡು ಗ್ರಾಂ ಹಾಕಿದ್ರೆ ಹದಿನೈದು ಪಟ್ಟು. ಕೂತ ತಕ್ಷಣ ಮೊದ್ಲು ಚೆಕ್ ವೇಟ್, ಅಂದ್ರೆ ತೂಕ ಗೊತ್ತಿರೋ ಬಟ್ಟು, ಇಟ್ಟು ನೋಡ್ಕೊಳ್ರಿ, ಆಮೇಲೆ ಪೌಡರ್ ಡಬ್ಬಿ ಮುಚ್ಚಳ ತೆಗೀರಿ.

ಹೋದ ಚಳಿಗಾಲದಲ್ಲಿ ನಮ್ಮ ಅಕ್ಕನ ಮಗ, ಗ್ರೀನ್ ಕಾರ್ಡ್ ಆಗಿ ಅಲ್ಲೇ ಇರೋನು, ಅಂಗಡಿಯಿಂದಾನೇ ವಿಡಿಯೋ ಕಾಲ್ ಮಾಡಿದ. "ಮಾಮ, ಪುಸ್ತಕದಲ್ಲಿ ಎಚ್4831 ಅಂತ ಐತೆ, ಇಲ್ಲಿ ಐಎಂಆರ್ 4831 ಇದೆ, ನಂಬರ್ ಅದೇ ಅಲ್ವಾ, ಇದನ್ನೇ ತಗೊಳ್ಲಾ?" ಅಂತ ಡಬ್ಬಿ ಕ್ಯಾಮೆರಾಕ್ಕೆ ಹಿಡಿದ. "ಬೇಡ ಕಣೋ, ಕೆಳಗಿಡು" ಅಂದೆ. ಎರಡೂ ಬೇರೆ ಪೌಡರ್, ಐಎಂಆರ್‌ದು ಬೇಗ ಉರಿಯುತ್ತೆ, ಎಚ್ ಲೆಕ್ಕದ ತೂಕವನ್ನ ಅದಕ್ಕೆ ಹಾಕಿದ್ರೆ ಒತ್ತಡ ಮೇಲೆ ಹೋಗುತ್ತೆ. 4895, 4350 ಇವೂ ಹಿಂಗೇ, ನಂಬರ್ ಒಂದೇ, ಮುಂದಿನ ಅಕ್ಷರ ಬೇರೆ, ಒಳಗಿನ ಮಾಲೂ ಬೇರೆ. ಇನ್ನೊಂದು ಕಡೆ ಎಚ್110, ವಿಂಚೆಸ್ಟರ್ 296 ಅಂತ ಹೆಸರು ಪೂರ್ತಿ ಬೇರೆ ಇರೋ ಎರಡು ಡಬ್ಬಿ ಬರ್ತವೆ, ಅವೆರಡೂ ಒಂದೇ ಪೌಡರ್. ಹೆಸರು ನೋಡಿ ತರ್ಕ ಮಾಡೋಕೆ ಹೋದ್ರೆ ಎರಡು ಕಡೇನೂ ತಪ್ಪಾಗುತ್ತೆ. ಡಬ್ಬಿ ಮೇಲಿನ ಪೂರ್ತಿ ಹೆಸರು, ಬುಕ್ಕಲ್ಲಿನ ಪೂರ್ತಿ ಹೆಸರು, ಅಕ್ಷರ ಅಕ್ಷರ ತಾಳೆ ಆಗಬೇಕು. ಅವನು ಆ ದಿನ ಖಾಲಿ ಕೈಲಿ ಮನೆಗೆ ಹೋದ, ನನಗೆ ಸಮಾಧಾನ ಆಯ್ತು, ಬುಕ್ ಓದಿದ್ದಕ್ಕೇ ಆ ಪ್ರಶ್ನೆ ಕೇಳೋಕೆ ಅವನಿಗೆ ಹೊಳೆದಿದ್ದು.

ಇದೇ ಎಚ್110 ಇನ್ನೊಂದು ಪಾಠ ಕಲಿಸುತ್ತೆ. ಮ್ಯಾಕ್ಸಿಮಮ್‌ಗಿಂತ ಹತ್ತು ಪರ್ಸೆಂಟ್ ಕಮ್ಮಿಯಿಂದ ಶುರು ಮಾಡು ಅಂತ ಎಲ್ರೂ ಬಾಯಿಪಾಠ ಹೇಳ್ತಾರೆ, ಸುಮಾರು ಪೌಡರಿಗೆ ಅದು ಸರೀನೇ. ಆದ್ರೆ ಎಚ್110ನ್ನ ಮೂರು ಪರ್ಸೆಂಟಿಗಿಂತ ಜಾಸ್ತಿ ಇಳಿಸಬೇಡ ಅಂತ ಹಾಡ್ಜ್‌ಡನ್ನೋರೇ ಎಚ್ಚರಿಕೆ ಕೊಟ್ಟಿದಾರೆ, ಇಳಿಸಿದ್ರೆ ಸರಿಯಾಗಿ ಹತ್ತಿಕೊಳ್ಳದೆ ಗುಂಡು ಬ್ಯಾರಲ್ಲಲ್ಲೇ ನಿಲ್ಲಬಹುದು, ಗೊತ್ತಾಗದೆ ಹಿಂದೆ ಇನ್ನೊಂದು ಹಾರಿಸಿದ್ರೆ ಕತೆ ಮುಗೀತು. ಕಮ್ಮಿ ಹಾಕಿದ್ರೆ ಸೇಫು ಅನ್ನೋದು ಎಲ್ಲ ಕಡೆ ನಿಜ ಅಲ್ಲ. ಇಂಥ ವಿನಾಯಿತಿಗಳು ಗೆಳೆಯರ ಬಾಯಲ್ಲಿ ಬರಲ್ಲ, ಪುಸ್ತಕದ ಟೇಬಲ್ ಕೆಳಗಿನ ಸಣ್ಣ ಅಕ್ಷರದಲ್ಲಿ ಬರ್ತವೆ.

.38 ಸ್ಪೆಷಲ್ ಕಲಿಯೋರಿಗೆ ಸುಲಭ ಅಂತಾರೆ, ಹೌದು, ಆದ್ರೆ ಅದು 1898ರಲ್ಲಿ ಕರಿ ಮದ್ದಿನ ಕಾಲಕ್ಕೆ ಮಾಡಿದ ಕೇಸು, ಒಳಗೆ ಜಾಗ ಬೇಜಾನ್. ಈಗಿನ ಪೌಡರ್ ತಳದಲ್ಲಿ ಒಂಚೂರು ಕೂರುತ್ತೆ, ಹಂಗಾಗಿ ಮರೆತು ಎರಡು ಸಲ ಹಾಕಿದ್ರೂ ಹೊರಗೆ ಚೆಲ್ಲಲ್ಲ, ಸುಮ್ನೆ ಒಳಗೆ ಹೋಗಿ ಕೂತ್ಕೊಳ್ಳುತ್ತೆ. ಅದಕ್ಕೇ ಎಲ್ಲ ಕೇಸನ್ನೂ ತೂತಿರೋ ಹಲಗೇಲಿ ನಿಲ್ಸಿ ಟಾರ್ಚ್ ಹಾಕಿ ಒಳಗೆ ನೋಡಿ ಆಮೇಲೆ ಗುಂಡು ಕೂರಿಸ್ರಿ ಅಂತ ಮ್ಯಾನ್ಯುಯಲಲ್ಲಿ ಬರೆದಿರ್ತಾರೆ, ಬೆಂಚ್ ಮೇಲೆ ಒಂದೇ ಪೌಡರ್ ಡಬ್ಬಿ ಇರಲಿ, ಮುಗಿದ ಮೇಲೆ ಉಳಿದಿದ್ದು ಅದೇ ಡಬ್ಬಿಗೆ ವಾಪಸ್ ಹೋಗಲಿ ಅಂತಾನೂ. ಬೀಡಿ ಸಿಗರೇಟು ಆ ರೂಮಿಗೇ ಬೇಡ. ಟಿವಿ, ಫೋನ್ ಕೂಡ ಬೇಡ. ಕೈಯಲ್ಲಿ ಸೀಸ ಹತ್ತಿರುತ್ತೆ, ಊಟಕ್ಕೆ ಮುಂಚೆ ಸೋಪಲ್ಲಿ ತೊಳೀರಿ, ಮನೇಲಿ ಮಕ್ಕಳಿದ್ರೆ ಇದನ್ನ ಇನ್ನೂ ಗಟ್ಟಿಯಾಗಿ ಪಾಲಿಸ್ರಿ.

ಹಳೇ ಪುಸ್ತಕದ ವಿಷಯ. ಸೆಕೆಂಡ್ ಹ್ಯಾಂಡ್ ಸಿಗುತ್ತೆ, ಅಗ್ಗ ಐತೆ ಅಂತ ತಗೊಳ್ತಾರೆ. ಶುರುವಿನ ಅಧ್ಯಾಯ ಓದೋಕೆ ಚೆನ್ನಾಗೇ ಇರ್ತವೆ, ನನ್ನ ಕಪಾಟಲ್ಲೂ ಇದಾವೆ. ಆದ್ರೆ ತೂಕದ ಲೆಕ್ಕಕ್ಕೆ ಹೊಸ ಆವೃತ್ತೀನೇ ಬೇಕು. ಹಿಂದೆ ತಾಮ್ರದ ತುಂಡು ಎಷ್ಟು ಚಪ್ಪಟೆ ಆಯ್ತು ಅಂತ ನೋಡಿ ಒತ್ತಡ ಅಳೀತಿದ್ರು, ಈಗ ಎಲೆಕ್ಟ್ರಾನಿಕ್ ಸೆನ್ಸರ್ ಬಂದಿದಾವೆ, ಪೌಡರ್ ತಯಾರಿಕೇನೂ ಬದಲಾಗೈತೆ, ಹಳೇ ಪುಸ್ತಕದ ಕೆಲವು ಮ್ಯಾಕ್ಸಿಮಮ್ ಹೊಸದರಲ್ಲಿ ಕೆಳಗೆ ಇಳಿದಿರ್ತವೆ. ಹಳೇ ಪುಸ್ತಕದ ಅಂಚಲ್ಲಿ ಯಾರೋ ಪೆನ್ಸಿಲಲ್ಲಿ ಬರೆದಿರೋ ನಂಬರ್ ಸಿಕ್ರೆ, ಅದು ಅವರ ಗನ್ನಿಗೆ ಅವರು ಬರ್ಕೊಂಡಿದ್ದು, ನಿಮಗಲ್ಲ.

ವಾಟ್ಸಾಪಲ್ಲಿ ಬಂದ ಲೋಡು (ಇಷ್ಟು ಪೌಡರ್ ಹಾಕು ಅನ್ನೋ ಲೆಕ್ಕ), ವಿಡಿಯೋ ಕೆಳಗೆ ಯಾರೋ ಹಾಕಿದ ಲೋಡು, ಎಐ ಆ್ಯಪ್ ಕೇಳಿದ್ರೆ ಪಟ್ ಅಂತ ಹೇಳೋ ಲೋಡು, ಮೂರನ್ನೂ ನಂಬಬೇಡ್ರಿ. ಒಂದು ಚುಕ್ಕೆ ಆಕಡೆ ಈಕಡೆ ಆದ್ರೆ 4.5 ಹೋಗಿ 45 ಆಗುತ್ತೆ, ಟೈಪ್ ಮಾಡಿದೋನು ಅಲ್ಲಿರಲ್ಲ, ಟ್ರಿಗರ್ ಒತ್ತೋರು ನೀವು. ನಂಬರ್ ಎಲ್ಲಿಂದ ಬಂದ್ರೂ ಪುಸ್ತಕದಲ್ಲಿ ತಾಳೆ ನೋಡಿ, ಇಲ್ಲಾಂದ್ರೆ ಬಿಟ್ಟುಬಿಡಿ. ನನ್ನ ಮಾತಿಗೂ ಇದೇ, ಅದಕ್ಕೇ ಇಲ್ಲಿ ಒಂದೂ ಪೌಡರ್ ತೂಕ ಬರೆದಿಲ್ಲ.

ಮ್ಯಾನ್ಯುಯಲ್ ಜೊತೆಗೆ ನಿಮ್ಮದೇ ಒಂದು ನೋಟ್‌ಬುಕ್ ಇಡ್ರಿ, ಮೊದಲನೇ ದಿನದಿಂದಾನೇ. ತಾರೀಖು, ಕೇಸ್ ಯಾವ್ದು, ಎಷ್ಟನೇ ಸಲ ತುಂಬ್ತಿರೋದು, ಪ್ರೈಮರ್, ಪೌಡರ್ ಪೂರ್ತಿ ಹೆಸರು, ಡಬ್ಬಿ ಮೇಲಿನ ಲಾಟ್ ನಂಬರ್, ತೂಕ, ಗುಂಡು, ಉದ್ದ, ಯಾವ ಪುಸ್ತಕದ ಎಷ್ಟನೇ ಪುಟ. ಅದನ್ನೇ ಚಿಕ್ಕದಾಗಿ ಬರೆದು ತೋಟಾ ಬಾಕ್ಸ್ ಒಳಗೂ ಹಾಕ್ರಿ. ಚೀಟಿ ಇಲ್ಲದ ಬಾಕ್ಸ್ ಸಿಕ್ರೆ ಹಾರಿಸಬೇಡ್ರಿ, ನೀವೇ ತುಂಬಿದ್ದು ಅಂತ ನೆನಪಿದ್ರೂ ಸರಿ, ಗುಂಡು ಎಳೆದು ಬಿಚ್ಚಿಬಿಡ್ರಿ. ಪೌಡರ್ ಹೊಸ ಲಾಟ್ ಬಂದ್ರೆ ಮತ್ತೆ ಕೆಳಗಿಂದ ಶುರು, ಗುಂಡಿನ ಕಂಪನಿ ಬದಲಾದ್ರೂ ಮತ್ತೆ ಕೆಳಗಿಂದ ಶುರು, ಬೇಜಾರಾಗುತ್ತೆ ಆದ್ರೂ ಮಾಡ್ರಿ.

ಕಡೇದಾಗಿ, ನಿಮ್ಮ ಹತ್ರ ಇರೋ ಗುಂಡು, ಪೌಡರ್ ಜೋಡಿ ಯಾವ ಪುಸ್ತಕದಲ್ಲೂ ಸಿಗಲ್ಲ ಅಂತ ಇಟ್ಕೊಳ್ರಿ, ಇದು ಎಲ್ರಿಗೂ ಒಂದಲ್ಲ ಒಂದ್ಸಲ ಆಗುತ್ತೆ, ಅಂಗಡೀಲಿ ಪೌಡರ್ ಕೊರತೆ ಬಂದಾಗಂತೂ ಆಗೇ ಆಗುತ್ತೆ. ಪಕ್ಕದ ಟೇಬಲ್ ನೋಡಿ ನಡುವಿನ ನಂಬರ್ ನೀವೇ ಕಟ್ಟೋಕೆ ಹೋಗಬೇಡ್ರಿ. ಪೌಡರ್ ಕಂಪನಿಗೋ ಗುಂಡಿನ ಕಂಪನಿಗೋ ಮೇಲ್ ಮಾಡ್ರಿ, ಫೋನ್ ಮಾಡ್ರಿ, ಇಂಥ ಪ್ರಶ್ನೆಗೆ ಅಂತಾನೇ ಅಲ್ಲಿ ಜನ ಇರ್ತಾರೆ. ಗನ್ ಯಾವ್ದು, ಗುಂಡಿನ ಪಾರ್ಟ್ ನಂಬರ್ ಏನು, ಪೌಡರ್ ಯಾವ್ದು ಅಂತ ಸರಿಯಾಗಿ ಬರೀರಿ. ಲೆಕ್ಕ ಇದ್ರೆ ಕಳಿಸ್ತಾರೆ, ಅದನ್ನ ಪ್ರಿಂಟ್ ಮಾಡಿ ಮ್ಯಾನ್ಯುಯಲ್ ಆ ಪುಟಕ್ಕೇ ಅಂಟಿಸ್ಕೊಳ್ರಿ. ನಾವು ಇದನ್ನ ಟೆಸ್ಟ್ ಮಾಡಿಲ್ಲ ಅಂದ್ರೆ ಆ ಡಬ್ಬಿ ಬೀರುವಿನಲ್ಲೇ ಇರಲಿ, ಬುಕ್ಕಲ್ಲಿರೋ ಪೌಡರ್ ಸಿಗೋವರ್ಗೂ ಅಂಗಡಿ ತೋಟಾ ಹಾರಿಸ್ರಿ.